ಪಕ್ಷೇತರ ಗಿಟಾರು

‘ಇಂಡಿ’ ಅಂದರೆ ವಿಜಯಪುರ ಜಿಲ್ಲೆಯವರಿಗೆ ನಿಂಬೆಹಣ್ಣು. ರಾತ್ರಿ ಒಂಬತ್ತರ ಟಿವಿ ಚರ್ಚೆಗೆ ಕೂರುವವರಿಗೆ ಒಂದು ರಾಜಕೀಯ ಮೈತ್ರಿಕೂಟ, ಅದೂ ಕೊನೆಯ ‘ಯಾ’ ನುಂಗಿ ಹೇಳುವ ಎದುರಾಳಿಗಳ ಬಾಯಲ್ಲಿ. ಬೆನ್ನಿಗೆ ಗಿಟಾರ್ ಚೀಲ ನೇತುಹಾಕಿಕೊಂಡು ಮೆಟ್ರೊ ಹತ್ತುವ ಹುಡುಗ ಹುಡುಗಿಯರಿಗೆ ಮಾತ್ರ ಅದು ಸಂಗೀತ. ನಾನು ಹೇಳಹೊರಟಿರುವುದು ಈ ಮೂರನೆಯ ಇಂಡಿಯ ಕತೆ: ‘ಇಂಡಿಪೆಂಡೆಂಟ್’ ಎಂಬ ಉದ್ದನೆಯ ಪದದ ಬಾಲ ಕತ್ತರಿಸಿ ಉಳಿಸಿಕೊಂಡ ತುಂಡು.

ಈಚೆಗೆ ಕೊಂಡ ಆಲ್ಬಮ್‌ಗಳನ್ನು ಕೇಳುತ್ತ, ಅವುಗಳ ಹಿಂಬದಿಯ ಸಣ್ಣಕ್ಷರ ಓದುತ್ತ ಕೂತಾಗ ಈ ಪದದ ಮೇಲೆ ಅನುಮಾನ ಹುಟ್ಟಿತು. ಒಂದು, ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ 1999ರಲ್ಲಿ ಹುಟ್ಟಿದ ಕ್ರಿಸ್ಟೋನ್ ‘ಕಿಂಗ್‌ಫಿಶ್’ ಇಂಗ್ರಮ್ ಅವರ ‘662’. ಇನ್ನೊಂದು, ಜೂಲಿಯನ್ ಬೇಕರ್, ಫೀಬಿ ಬ್ರಿಜರ್ಸ್, ಲೂಸಿ ಡೇಕಸ್ ಎಂಬ ಮೂವರು ಸೇರಿ ಕಟ್ಟಿದ ಬಾಯ್‌ಜೀನಿಯಸ್ ತಂಡದ ‘ದಿ ರೆಕಾರ್ಡ್’. ಅಂಗಡಿಯವರು ಮೊದಲನೆಯದನ್ನು ಬ್ಲೂಸ್ ಎಂದು, ಎರಡನೆಯದನ್ನು ಇಂಡಿ ಎಂದು ಬೇರೆ ಬೇರೆ ಖಾನೆಯಲ್ಲಿ ಇಟ್ಟಿರುತ್ತಾರೆ. ಆದರೆ ಬ್ಲೂಸ್ ಎಂದು ಇಟ್ಟದ್ದನ್ನು ಹೊರತಂದದ್ದು ಷಿಕಾಗೊದ ಅಲಿಗೇಟರ್ ರೆಕಾರ್ಡ್ಸ್. ಬ್ರೂಸ್ ಇಗ್ಲಾವರ್ ಎಂಬ ಯುವಕ 1971ರಲ್ಲಿ, ತನಗೆ ಬಂದ ಪಿತ್ರಾರ್ಜಿತದ 2500 ಡಾಲರ್ ಹಾಕಿ, ಹೌಂಡ್ ಡಾಗ್ ಟೇಲರ್ ಎಂಬ ಒಬ್ಬ ಗಿಟಾರ್ ವಾದಕರ ಹಾಡುಗಳನ್ನು ಹೊರತರಲೆಂದೇ ಶುರುಮಾಡಿದ ಪುಟ್ಟ ಕಂಪನಿ ಅದು. ಇಂಡಿ ಎಂದು ಇಟ್ಟದ್ದು ಬಂದದ್ದು ಇಂಟರ್‌ಸ್ಕೋಪ್‌ನಿಂದ. ಇಂಟರ್‌ಸ್ಕೋಪ್ ಎಂದರೆ ಜಗತ್ತಿನ ಮೂರು ದೈತ್ಯ ಸಂಗೀತ ಕಂಪನಿಗಳಲ್ಲೊಂದಾದ ಯೂನಿವರ್ಸಲ್‌ನ ಒಂದು ಕೈ. ಹಾಗಾದರೆ ‘ಇಂಡಿಪೆಂಡೆಂಟ್’ ಯಾರು?

ಪದ ಹುಟ್ಟಿದ್ದು ಸಂಗೀತದಲ್ಲಲ್ಲ, ಸಿನಿಮಾದಲ್ಲಿ. 1908ರ ಕೊನೆಗೆ ಥಾಮಸ್ ಎಡಿಸನ್ ಮತ್ತಿತರರು ತಮ್ಮ ಕ್ಯಾಮೆರಾ, ಪ್ರೊಜೆಕ್ಟರ್‌ಗಳ ಪೇಟೆಂಟ್‌ಗಳನ್ನೆಲ್ಲ ಒಂದೆಡೆ ಗುಡ್ಡೆಹಾಕಿ ಒಂದು ಕೂಟ ಕಟ್ಟಿದರು. ಆ ಕೂಟಕ್ಕೆ ಕಪ್ಪ ಕಟ್ಟದೆ ಚಿತ್ರ ತೆಗೆಯುವವರು ‘ಇಂಡಿಪೆಂಡೆಂಟ್’ ಆದರು. ಅವರಲ್ಲಿ ಕಾರ್ಲ್ ಲೆಮ್ಲಿ ಎಂಬವರು ಮುಂದೆ ಯೂನಿವರ್ಸಲ್ ಸ್ಟುಡಿಯೊ ಕಟ್ಟಿದರು. ಅಂದರೆ ಈ ಪದದ ಮೊದಲ ಪೀಳಿಗೆಯೇ ದೊಡ್ಡ ಸಾಹುಕಾರರಾಗಿ ಹೋಯಿತು. ಮುಂದೆ ಹಾಲಿವುಡ್ಡಿನ ವ್ಯಾಪಾರಿ ಪತ್ರಿಕೆಗಳು ಶೀರ್ಷಿಕೆಯಲ್ಲಿ ಜಾಗ ಉಳಿಸಲು ಅದನ್ನು ‘ಇಂಡಿ’ ಎಂದು ಮೊಟಕು ಮಾಡಿದವು. ಅದು ಅಪ್ಪಟ ವ್ಯಾಪಾರದ ಮಾತು. ಕಲೆ, ಬಂಡಾಯ, ಪ್ರಾಮಾಣಿಕತೆ ಯಾವುದೂ ಅದರಲ್ಲಿ ಇರಲಿಲ್ಲ.

ಸಂಗೀತಕ್ಕೆ ಈ ಪದ ಇಳಿದ ಬಗೆಯಲ್ಲಿ ನಮ್ಮ ದೇಶದ್ದೂ ಒಂದು ಪಾಲಿದೆ. ಆಗಿನ ಗ್ರಾಮಫೋನ್ ಪ್ಲೇಟುಗಳಲ್ಲಿ ಮುಖ್ಯ ಪದಾರ್ಥ ಅರಗು. ಪಾಂಡವರನ್ನು ಸುಡಲು ಮನೆ ಕಟ್ಟಿದರಲ್ಲ, ಅದೇ. ಅರಗಿನ ಹುಳು ಸಾಕಿ ಜಗತ್ತಿಗೆಲ್ಲ ಕಳಿಸುತ್ತಿದ್ದುದು ಬಹುಪಾಲು ಭಾರತ. ಎರಡನೇ ಮಹಾಯುದ್ಧದಲ್ಲಿ ಹಡಗು ಸಂಚಾರ ಕೆಟ್ಟು, ಅಮೆರಿಕ ಸರ್ಕಾರ 1942ರಲ್ಲಿ ಅರಗಿನ ಬಳಕೆಗೆ ಕಡಿವಾಣ ಹಾಕಿತು. ಅದೇ ವರ್ಷದ ಆಗಸ್ಟ್‌ನಿಂದ ವಾದ್ಯಗಾರರ ಸಂಘ ಧ್ವನಿಮುದ್ರಣಕ್ಕೇ ಬಹಿಷ್ಕಾರ ಹಾಕಿತು. ಇರುವಷ್ಟು ಅರಗಿನಲ್ಲಿ ಯಾರ ಹಾಡು ಅಚ್ಚುಹಾಕಬೇಕು ಎಂಬ ಪ್ರಶ್ನೆ ಬಂದಾಗ, ಕೊಲಂಬಿಯಾ, ವಿಕ್ಟರ್, ಡೆಕ್ಕಾದಂಥ ದೊಡ್ಡ ಕಂಪನಿಗಳು ಮೊದಲು ಕೈಬಿಟ್ಟದ್ದು ಕಪ್ಪು ಜನರ ಬ್ಲೂಸ್ ಮತ್ತು ಹಳ್ಳಿಯ ಬಿಳಿಯರ ಹಾಡುಗಳನ್ನು. ಕೇಳುಗರು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಯುದ್ಧದ ಕಾರ್ಖಾನೆಗಳಲ್ಲಿ ಕೂಲಿ ಸಿಗುತ್ತದೆಂದು ಮಿಸಿಸಿಪಿಯ ಹತ್ತಿಹೊಲ ಬಿಟ್ಟು ಷಿಕಾಗೊ, ಡೆಟ್ರಾಯಿಟ್ ಸೇರಿದ್ದ ಅವರ ಜೇಬಿನಲ್ಲಿ ಹಿಂದೆಂದಿಗಿಂತ ಹೆಚ್ಚು ಕಾಸಿತ್ತು. ಆ ತೆರಪಿನಲ್ಲಿ ಸಣ್ಣ ಕಂಪನಿಗಳು ಎದ್ದವು. ಸಿನ್‌ಸಿನಾಟಿಯಲ್ಲಿ ಕಿಂಗ್, ಲಾಸ್ ಏಂಜಲಿಸ್‌ನಲ್ಲಿ ಮಾಡರ್ನ್, ನ್ಯೂಯಾರ್ಕ್‌ನಲ್ಲಿ ಅಟ್ಲಾಂಟಿಕ್, ಷಿಕಾಗೊದಲ್ಲಿ ಚೆಸ್. ಸಂಗೀತ ಉದ್ಯಮದ ಪತ್ರಿಕೆಗಳಲ್ಲಿ ಇಂಡಿ ಎನಿಸಿಕೊಂಡವರು ಇವರು. ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್, ಜಾನ್ ಲೀ ಹೂಕರ್ ಇವರನ್ನು ಇವತ್ತಿಗೂ ನಾವು ಕೇಳುತ್ತಿರುವುದು ಆ ಇಂಡಿಗಳ ದೆಸೆಯಿಂದ.

ಅದಕ್ಕೂ ಹಿಂದಿನ ಇನ್ನೊಂದು ಉದಾಹರಣೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಚಾರ್ಲಿ ಪ್ಯಾಟನ್, ಸನ್ ಹೌಸ್, ಸ್ಕಿಪ್ ಜೇಮ್ಸ್ ಎಂಬ ಬ್ಲೂಸ್ ಮಹನೀಯರ ಹಾಡುಗಳನ್ನು 1929–31ರ ಸುಮಾರಿಗೆ ಅಚ್ಚುಹಾಕಿದ ಪ್ಯಾರಾಮೌಂಟ್ ಎಂಬ ಲೇಬಲ್ಲು ಯಾರದು ಗೊತ್ತೇ? ವಿಸ್ಕಾನ್ಸಿನ್ ಚೇರ್ ಕಂಪನಿಯದು. ಹೌದು, ಕುರ್ಚಿ ಮಾಡುವವರು! ಕುರ್ಚಿಯ ಜೊತೆ ಗ್ರಾಮಫೋನಿನ ಮರದ ಪೆಟ್ಟಿಗೆಯನ್ನೂ ಮಾಡುತ್ತಿದ್ದರು. ಪೆಟ್ಟಿಗೆ ಮಾರಾಟವಾಗಬೇಕಾದರೆ ಪ್ಲೇಟು ಬೇಕಲ್ಲ, ಅದಕ್ಕೆ ಪ್ಲೇಟನ್ನೂ ಮಾಡಿದರು. ಅವರ ಅಗ್ಗದ ಪ್ಲೇಟುಗಳ ಗರಗರ ಸದ್ದು ಈಗಿನ ಸಿಡಿಗಳಲ್ಲೂ ಹೋಗಿಲ್ಲ. ಪೀಠೋಪಕರಣದ ವ್ಯಾಪಾರಕ್ಕೆ ಇಪ್ಪತ್ತನೇ ಶತಮಾನದ ಸಂಗೀತ ಇಷ್ಟೊಂದು ಋಣಿಯಾಗಿರುವುದನ್ನು ಯಾವ ಸಂಗೀತ ವಿಮರ್ಶಕನೂ ಕಲ್ಪಿಸಿ ಬರೆಯಲಾರ.

ಇಷ್ಟೆಲ್ಲ ಇದ್ದರೂ ಬ್ಲೂಸ್‌ಗೆ ಇಂಡಿ ಎಂಬ ಹೆಸರು ಯಾಕೆ ಅಂಟಲಿಲ್ಲ? ಅಲ್ಲಿ ಸ್ವತಂತ್ರವಾಗಿದ್ದದ್ದು ಕಂಪನಿ, ಹಾಡುಗಾರನಲ್ಲ. ನನಗೆ ಕಾಣುವ ಕಾರಣ ಇದು. ಪೋಲೆಂಡಿನಿಂದ ಬಂದ ಯಹೂದಿ ಸಹೋದರರಾದ ಲಿಯೊನಾರ್ಡ್ ಮತ್ತು ಫಿಲ್ ಚೆಸ್ ಹಳೆಯ ಅರಿಸ್ಟೊಕ್ರಾಟ್ ಕಂಪನಿಗೆ 1950ರಲ್ಲಿ ತಮ್ಮ ಮನೆತನದ ಹೆಸರಿಟ್ಟರು. ಕಾರಿನ ಡಿಕ್ಕಿಯಲ್ಲಿ ಪ್ಲೇಟು ತುಂಬಿಕೊಂಡು ಊರೂರು ಸುತ್ತಿ ಮಾರಿದರು. ಅವರ ಕಿವಿ, ಅವರ ದುಡಿಮೆ ಎರಡನ್ನೂ ಅಲ್ಲಗಳೆಯಲಾಗದು. ಆದರೆ ಮಡ್ಡಿ ವಾಟರ್ಸ್, ವಿಲ್ಲಿ ಡಿಕ್ಸನ್ ತಮ್ಮ ಹಾಡುಗಳ ಹಕ್ಕಿನ ಹಣಕ್ಕಾಗಿ 1970ರ ದಶಕದಲ್ಲಿ ಚೆಸ್ ಬಳಗದ ಪ್ರಕಾಶನ ಸಂಸ್ಥೆ ಆರ್ಕ್ ಮ್ಯೂಸಿಕ್ ಮೇಲೆ ಕೋರ್ಟಿಗೆ ಹೋಗಬೇಕಾಯಿತು. ಹಾಡು ಕಟ್ಟಿದವರು ಅದರ ಹಣಕ್ಕೆ ಕೋರ್ಟ್ ಮೆಟ್ಟಿಲು ಹತ್ತಬೇಕಾದಾಗ, ಕಂಪನಿ ಸಣ್ಣದೋ ದೊಡ್ಡದೋ ಎಂಬುದು ಕಟ್ಟಿಕೊಂಡು ಏನಾಗಬೇಕು? 1969ರಲ್ಲಿ ಚೆಸ್ ಮಾರಾಟವಾಯಿತು. ಕೈಯಿಂದ ಕೈಗೆ ದಾಟುತ್ತ ಆ ಭಂಡಾರವೆಲ್ಲ ಈಗ ಯೂನಿವರ್ಸಲ್‌ನ ಉಗ್ರಾಣದಲ್ಲಿದೆ, ಬಾಯ್‌ಜೀನಿಯಸ್ ಪಕ್ಕದಲ್ಲೇ.

ಕನ್ನಡದಲ್ಲಿ ಇದಕ್ಕೆ ‘ಸ್ವತಂತ್ರ ಸಂಗೀತ’ ಎಂದು ಬರೆಯುವುದನ್ನು ನೋಡಿದ್ದೇನೆ. ನನಗೇಕೋ ಅದು ಆಗಸ್ಟ್ ಹದಿನೈದರ ಪ್ರಭಾತಫೇರಿಯ ಹಾಗೆ ಕೇಳಿಸುತ್ತದೆ. ನಮ್ಮಲ್ಲಿ ಇದಕ್ಕಿಂತ ಚೊಕ್ಕ ಪದವಿದೆ: ಪಕ್ಷೇತರ. ಯಾವ ಪಕ್ಷದ ಟಿಕೆಟ್ಟೂ ಇಲ್ಲದೆ ನಿಂತವನು. ಸಿದ್ಧಾಂತವಿದ್ದು ನಿಂತವನಿರಬಹುದು, ಟಿಕೆಟ್ ಸಿಗದೆ ಮುನಿಸಿಕೊಂಡು ನಿಂತವನೂ ಇರಬಹುದು. ಚಿಹ್ನೆಯೂ ಯಾವ ಪಕ್ಷದ್ದಲ್ಲ. ಗೆದ್ದ ಮೇಲೆ ಏನಾಗುತ್ತದೆ ಎಂಬುದನ್ನು 2008ರಲ್ಲಿ ಪಕ್ಷೇತರರ ಬೆಂಬಲದಿಂದ ಸರ್ಕಾರ ರಚನೆಯಾದ ರಾಜ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಂಗೀತದಲ್ಲೂ ಹಾಗೆಯೇ. ನಿರ್ವಾಣ ತಂಡ 1989ರಲ್ಲಿ ಸಬ್ ಪಾಪ್ ಎಂಬ ಸಣ್ಣ ಲೇಬಲ್‌ಗೆ ಮೊದಲ ಆಲ್ಬಮ್ ಮಾಡಿಕೊಟ್ಟಿತು. ಧ್ವನಿಮುದ್ರಣದ ಖರ್ಚು ಸುಮಾರು 600 ಡಾಲರ್. ಎರಡೇ ವರ್ಷಕ್ಕೆ ‘ನೆವರ್‌ಮೈಂಡ್’ ಬಂದದ್ದು ಗೆಫೆನ್ ಬಳಗದಿಂದ. ಕೊನೆಗೆ ಸಬ್ ಪಾಪ್ ಕೂಡ ತನ್ನ ಅರ್ಧಕ್ಕೆ ಒಂದಂಶ ಕಡಿಮೆ, ಅಂದರೆ ಶೇ 49ರಷ್ಟು ಪಾಲನ್ನು ವಾರ್ನರ್‌ಗೆ ಮಾರಿತು. ಪಕ್ಷೇತರನೂ ಹೌದು, ಮಂತ್ರಿಯೂ ಹೌದು.

ಪದಕ್ಕೆ ಮೈತುಂಬ ಮರ್ಯಾದೆ ಬಂದದ್ದು ಇಂಗ್ಲೆಂಡಿನಲ್ಲಿ. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡ ನೆಂಟರಿಷ್ಟರಿಂದ 500 ಪೌಂಡ್ ಸಾಲ ಮಾಡಿ ‘ಸ್ಪೈರಲ್ ಸ್ಕ್ರಾಚ್’ ಎಂಬ ನಾಲ್ಕು ಹಾಡಿನ ಪ್ಲೇಟನ್ನು ತನ್ನದೇ ಲೇಬಲ್ಲಿನಲ್ಲಿ ಅಚ್ಚುಹಾಕಿಸಿತು. ಮೊದಲು ಸಾವಿರ ಪ್ರತಿ. ಹಾಡಿದವರೇ ಮಾಲೀಕರು. ಈ ಪದ ತನ್ನ ಅಕ್ಷರಾರ್ಥಕ್ಕೆ ಇಷ್ಟು ಹತ್ತಿರ ಬಂದ ಗಳಿಗೆ ಕಡಿಮೆ. ಇಂಥವರು ಹೆಚ್ಚಾದಂತೆ 1980ರ ಜನವರಿಯಲ್ಲಿ ಇಂಡಿಗಳಿಗೆಂದೇ ಪ್ರತ್ಯೇಕ ಮಾರಾಟಪಟ್ಟಿ ಶುರುವಾಯಿತು. ಪಟ್ಟಿಗೆ ಸೇರಲು ಒಂದೇ ನಿಯಮ: ಪ್ಲೇಟನ್ನು ಅಂಗಡಿಗೆ ಮುಟ್ಟಿಸುವ ವಿತರಕರು ದೊಡ್ಡ ಕಂಪನಿಯವರಾಗಿರಬಾರದು. ಒಳಗಿರುವ ಸಂಗೀತ ಭಜನೆಯಾದರೂ ಸರಿ, ಬ್ಯಾಂಡ್‌ಸೆಟ್ಟಾದರೂ ಸರಿ.

ನಿಯಮ ಚೆನ್ನಾಗಿತ್ತು, ಕಾಲು ಎಡವಿದ್ದೂ ಅಲ್ಲೇ. 1980ರ ದಶಕದ ಕೊನೆಗೆ ಕೈಲಿ ಮಿನೋಗ್ ಅವರ ಥಳಕಿನ ಡಿಸ್ಕೊ ಹಾಡುಗಳು ಇಂಡಿ ಪಟ್ಟಿಯ ತುದಿಗೇರಿದವು. ಅವರ ಹಾಡು ತರುತ್ತಿದ್ದ ಪಿಡಬ್ಲ್ಯುಎಲ್ ಲೇಬಲ್ಲಿನ ವಿತರಣೆ ಸ್ವತಂತ್ರವಾಗಿತ್ತು, ಹಾಗಾಗಿ ಅವರು ಕಾನೂನುಬದ್ಧ ಇಂಡಿ. ಮಾಸಿದ ಸ್ವೆಟರ್ ತೊಟ್ಟು ನೆಲ ನೋಡಿಕೊಂಡು ಗಿಟಾರ್ ಬಾರಿಸುವ ಹುಡುಗರಿಗೂ ಅವರ ಅಭಿಮಾನಿಗಳಿಗೂ ಇದು ನುಂಗಲಾರದ ತುತ್ತಾಯಿತು. ಅಷ್ಟರಲ್ಲಿ ಇಂಡಿ ಎಂದರೆ ಒಂದು ಬಗೆಯ ಧ್ವನಿ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಸಂಗೀತ ವಾರಪತ್ರಿಕೆ ಎನ್‌ಎಂಇ 1986ರಲ್ಲಿ ಹೊರತಂದ ‘ಸಿ86’ ಎಂಬ ಕ್ಯಾಸೆಟ್ಟು ಆ ಧ್ವನಿಗೆ ಮುದ್ರೆ ಒತ್ತಿತ್ತು. ಅಲ್ಲಿಂದೀಚೆಗೆ ಪದಕ್ಕೂ ಮಾಲೀಕತ್ವಕ್ಕೂ ಸಂಬಂಧ ತಪ್ಪಿಹೋಯಿತು. ಅಡೆಲ್ ಇಂಗ್ಲೆಂಡಿನಲ್ಲಿ ‘21’ ತಂದದ್ದು ಎಕ್ಸ್‌ಎಲ್ ಎಂಬ ಸ್ವತಂತ್ರ ಲೇಬಲ್ಲಿನಿಂದ. ಅವರನ್ನು ಯಾರೂ ಇಂಡಿ ಎನ್ನುವುದಿಲ್ಲ. ವ್ಯಾಂಪೈರ್ ವೀಕೆಂಡ್ ತಂಡ ಅದೇ ಎಕ್ಸ್‌ಎಲ್ ಬಿಟ್ಟು ಸೋನಿಯ ಕೊಲಂಬಿಯಾ ಸೇರಿತು. ಅವರನ್ನು ಇಂಡಿ ಅಲ್ಲ ಎನ್ನುವವರೂ ಇಲ್ಲ.

ನಮ್ಮಲ್ಲಿ ಪದ ಇನ್ನೊಂದೇ ದಾರಿ ಹಿಡಿದಿದೆ. ಭಾರತದಲ್ಲಿ ಇಂಡಿ ಎಂದರೆ ಸಿನಿಮಾದ್ದಲ್ಲದ್ದು, ಅಷ್ಟೆ. ಇಲ್ಲಿನ ದೊಡ್ಡ ಪಕ್ಷ ಸಿನಿಮಾ. ರಘು ದೀಕ್ಷಿತರ ಮೊದಲ ಆಲ್ಬಮ್ 2008ರಲ್ಲಿ ಬಂದದ್ದು ಹಿಂದಿ ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಅವರ ಲೇಬಲ್ಲಿನಿಂದ. ಆದರೂ ಅದು ಇಂಡಿಯೇ, ಯಾಕೆಂದರೆ ಅದರಲ್ಲಿ ನಾಯಕ ನಾಯಕಿ ಇಲ್ಲ. ಕರ್ನಾಟಕದ ಬೀದಿಯಲ್ಲಂತೂ ಜನ ಇಂಡಿ ಎನ್ನುವುದೂ ಇಲ್ಲ, ‘ಆಲ್ಬಮ್ ಸಾಂಗ್’ ಎನ್ನುತ್ತಾರೆ. ‘ನಮ್ಮ ಹುಡುಗ ಒಂದು ಆಲ್ಬಮ್ ಸಾಂಗ್ ಮಾಡಿದಾನೆ, ಯೂಟ್ಯೂಬಲ್ಲಿದೆ ನೋಡಿ ಸಾರ್.’ ಒಂದೇ ಹಾಡು, ಒಂದು ವಿಡಿಯೊ, ಆಲ್ಬಮ್ ಎಂಬುದು ಎಲ್ಲೂ ಇಲ್ಲ. ಆದರೂ ಪದ ಕೆಲಸ ಮಾಡುತ್ತದೆ. ಕೇಳಿದವರಿಗೆ ಇದು ಸಿನಿಮಾ ಹಾಡಲ್ಲ, ಹುಡುಗ ಸ್ವಂತ ದುಡ್ಡು ಹಾಕಿದ್ದಾನೆ ಎಂದು ತಕ್ಷಣ ತಿಳಿಯುತ್ತದೆ. ಮಾಲೀಕತ್ವದ ಹಳೆಯ ಅರ್ಥ, ಇಂಗ್ಲಿಷಿನ ಇಂಡಿ ಕಳೆದುಕೊಂಡದ್ದು, ನಮ್ಮ ‘ಆಲ್ಬಮ್ ಸಾಂಗ್’ನಲ್ಲಿ ಗಟ್ಟಿಯಾಗಿ ಕೂತಿದೆ.

ಇನ್ನು ಕೊಂಡದ್ದರ ಬಗ್ಗೆ. ‘662’ಗೆ ಗ್ರ್ಯಾಮಿ ಬಂದಿದೆ, ಬೆರಳುಗಳಿಗೆ ಬಂದಿದ್ದರೆ ತಕರಾರಿಲ್ಲ. ಹೆಸರು ಉತ್ತರ ಮಿಸಿಸಿಪಿಯ ದೂರವಾಣಿ ಸಂಕೇತ. ಕಿಂಗ್‌ಫಿಶ್ ಅವರ ಗಿಟಾರ್ ತಂತಿ ಎಳೆದಾಗ ಹೊಟ್ಟೆಯಿಂದ ಬಂದಂತೆ ಕೇಳುತ್ತದೆ, ದನಿಯಲ್ಲಿ ವಯಸ್ಸಿಗೆ ಮೀರಿದ ಭಾರವಿದೆ. ಆದರೆ ಧ್ವನಿಮುದ್ರಣಕ್ಕೆ ವಿಪರೀತ ಪಾಲಿಶ್ ಹಾಕಿದ್ದಾರೆ. ಎಲ್ಲ ಹಾಡೂ ಒಂದೇ ಎತ್ತರದಲ್ಲಿ, ಒಂದೇ ಹೊಳಪಿನಲ್ಲಿ. ನಾಲ್ಕನೇ ಹಾಡಿನ ಹೊತ್ತಿಗೆ ಇನ್ನೊಂದು ಗಿಟಾರ್ ಸೋಲೊ ಬರುತ್ತದೆಂದು ಮೊದಲೇ ಗೊತ್ತಾಗಿಬಿಡುತ್ತದೆ. ಅವರ ‘ಲೈವ್ ಇನ್ ಲಂಡನ್’ ಇದಕ್ಕಿಂತ ಬಲು ಮೇಲು. ಅಲ್ಲಿ ಉಸಿರಾಡಲು ಜಾಗವಿದೆ. ಈಗ ಅವರು ರೆಡ್ ಝೀರೊ ಎಂಬ ತಮ್ಮದೇ ಲೇಬಲ್ ತೆರೆದಿದ್ದಾರೆ. ಬಜ್‌ಕಾಕ್ಸ್ ಮಾಡಿದ್ದನ್ನೇ ಮಾಡಿದ್ದಾರೆ, ಆದರೂ ಖಾನೆ ಮಾತ್ರ ಬ್ಲೂಸ್‌ನದೇ.

ಬಾಯ್‌ಜೀನಿಯಸ್ ಆಲ್ಬಮ್ ಶುರುವಾಗುವುದು ವಾದ್ಯವಿಲ್ಲದೆ, ಮೂರು ದನಿ ಒಂದಾಗಿ. ಆ ಒಂದೂವರೆ ನಿಮಿಷಕ್ಕೆ ಕೊಟ್ಟ ದುಡ್ಡು ವಸೂಲಾಯಿತು. ‘ನಾಟ್ ಸ್ಟ್ರಾಂಗ್ ಇನಫ್’ ಮತ್ತೆ ಮತ್ತೆ ಹಾಕಿದೆ. ನಡುವೆ ಮೆಲುದನಿಯ ಹಾಡುಗಳು ಸಾಲಾಗಿ ಬಂದು ಜೂಗರಿಕೆ ತರಿಸುತ್ತವೆ. ದುಃಖವೂ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು ಎನಿಸಿತು.

ಮೂರನೆಯದು ಬ್ಲ್ಯಾಕ್ ಕೀಸ್ ತಂಡದ ‘ಡೆಲ್ಟಾ ಕ್ರೀಮ್’, 2021ರದು. ಓಹಾಯೊದ ಈ ಇಬ್ಬರು ಬಿಳಿಯ ಹುಡುಗರು ತಮ್ಮ ಎಳೆ ಹರೆಯದಲ್ಲಿ ಫ್ಯಾಟ್ ಪಾಸಮ್ ಎಂಬ ಲೇಬಲ್ಲಿನಲ್ಲಿದ್ದರು. ಮಿಸಿಸಿಪಿಯ ಆಕ್ಸ್‌ಫರ್ಡ್ ಊರಿನ ಆ ಲೇಬಲ್ ಹುಟ್ಟಿದ್ದು ಆರ್. ಎಲ್. ಬರ್ನ್‌ಸೈಡ್, ಜೂನಿಯರ್ ಕಿಂಬ್ರೊ ಅವರಂಥ ಗುಡ್ಡಗಾಡಿನ ಬ್ಲೂಸ್ ಹಿರಿಯರ ಹಾಡುಗಳಿಗಾಗಿ. ಆಮೇಲೆ ಅದೇ ಸೂರಿನಡಿ ಇಂಡಿ ರಾಕ್ ತಂಡಗಳೂ ಬಂದವು. ‘ಡೆಲ್ಟಾ ಕ್ರೀಮ್’ನಲ್ಲಿರುವುದು ಬಹುಪಾಲು ಆ ಹಿರಿಯರ ಹಾಡುಗಳೇ. ನುಡಿಸಲು ಬರ್ನ್‌ಸೈಡರ ಜೊತೆಗಾರ ಕೆನ್ನಿ ಬ್ರೌನ್, ಕಿಂಬ್ರೊ ಅವರ ಬಳಗದ ಎರಿಕ್ ಡೀಟನ್ ಇದ್ದಾರೆ. ಎರಡು ಮಧ್ಯಾಹ್ನದಲ್ಲಿ ಮುದ್ರಿಸಿದ್ದು, ಹೊರತಂದದ್ದು ವಾರ್ನರ್ ಒಡೆತನದ ನಾನ್‌ಸಚ್. ಕೇಳಲು ಹಿತವಾಗಿದೆ, ತಾಳ ಎಲ್ಲೂ ಜಾರುವುದಿಲ್ಲ, ಗೌರವ ಎಲ್ಲೂ ತಪ್ಪುವುದಿಲ್ಲ. ಆ ಗೌರವವೇ ಸ್ವಲ್ಪ ಜಾಸ್ತಿಯಾಯಿತೇನೊ.

ಇದನ್ನು ಕೊಳ್ಳುವ ಯೋಚನೆಯಿದ್ದವರು ಮೊದಲು ಕಿಂಬ್ರೊ ಅವರ ‘ಆಲ್ ನೈಟ್ ಲಾಂಗ್’ ಕೇಳಿ. ಅರುವತ್ತು ದಾಟಿದ ಮೇಲೆ, 1992ರಲ್ಲಿ, ಫ್ಯಾಟ್ ಪಾಸಮ್‌ಗಾಗಿ ತಮ್ಮದೇ ಕುಡಿತ–ಕುಣಿತದ ಮನೆಯಲ್ಲಿ ಮುದ್ರಿಸಿದ ಅವರ ಮೊದಲ ಆಲ್ಬಮ್ ಅದು. ಸ್ವರಜೋಡಣೆ ಬದಲಾಗುವುದೇ ಅಪರೂಪ. ಅದೇ ಗತಿ ಸುತ್ತಿ ಸುತ್ತಿ ಬರುತ್ತದೆ, ಹಾಡು ಯಾವಾಗ ಮುಗಿಯಬೇಕೆಂಬುದು ನುಡಿಸುವವರಿಗೂ ತಿಳಿದಂತಿಲ್ಲ. ತಂಬೂರಿ ಶ್ರುತಿಗೆ ಪಳಗಿದ ನಮ್ಮ ಕಿವಿಗೆ ಇದು ಬೇಸರ ತರಿಸುವುದಿಲ್ಲ. ಎಲ್‌ಪಿ ಸಿಕ್ಕರೆ ಎಲ್‌ಪಿಯನ್ನೇ ತೆಗೆದುಕೊಳ್ಳಿ. ಬೆಲೆ ಸಿಡಿಗಿಂತ ಜಾಸ್ತಿ. ಅಂಗಡಿಯಲ್ಲಿ ಬ್ಲೂಸ್ ಖಾನೆಯಲ್ಲೇ ಹುಡುಕಿ, ಇಂಡಿಯಲ್ಲಿ ಇಟ್ಟಿರುವುದಿಲ್ಲ.