ಕಲಬುರಗಿ ಜಿಲ್ಲೆಯ ಎಸ್‌ಎಸ್‌ಎಲ್‌ಸಿ ಹಿನ್ನಡೆ

ಹತ್ತನೆಯ ತರಗತಿ ಪರೀಕ್ಷೆಯ ಜಿಲ್ಲಾವಾರು ಪಟ್ಟಿಯಲ್ಲಿ ಕಲಬುರಗಿ ತಳಭಾಗದಲ್ಲೇ ಉಳಿಯುತ್ತಿರುವ ಸ್ಥಿತಿ. 2025ರ ಮೊದಲ ಪರೀಕ್ಷೆಯಲ್ಲಿ ಜಿಲ್ಲೆಯ ಫಲಿತಾಂಶ ಶೇ. 42.43, ಕೊನೆಯ ಸ್ಥಾನ. ಮೊದಲ ಸ್ಥಾನದ ದಕ್ಷಿಣ ಕನ್ನಡದ್ದು ಶೇ. 91.12. ಕಲಬುರಗಿಯ ಹಿನ್ನಡೆಯ ಮೂಲ ಹಳೆಯದು: 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಇಲ್ಲಿ ಉನ್ನತ ಶಿಕ್ಷಣ ಉರ್ದುವಿನಲ್ಲಿತ್ತು, ಕನ್ನಡ ಶಾಲೆಗಳು ವಿರಳ. ಇಂದಿನ ಕಾರಣಗಳಲ್ಲಿ ಶಿಕ್ಷಕರ ಕೊರತೆಗಿಂತ ಕಡಿಮೆ ಚರ್ಚೆಯಾಗುವುದು, ಆದರೆ ಅಷ್ಟೇ ಗಂಭೀರವಾದುದು, ಗುಳೆ. ಕಾಳಗಿ, ಚಿಂಚೋಳಿ ಭಾಗದ ತಾಂಡಾಗಳಿಂದ ತೊಗರಿ ರಾಶಿ ಮುಗಿದೊಡನೆ ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ; ಪರೀಕ್ಷೆ ಹತ್ತಿರವಾದಾಗಲೇ ಮಕ್ಕಳಿಗೆ ತರಗತಿ ತಪ್ಪುತ್ತದೆ. ಲಂಬಾಣಿ ಮನೆಮಾತಿನ ಮಗುವಿಗೆ ಪಠ್ಯದ ಕನ್ನಡವೂ ಕಲಿಯಬೇಕಾದ ಭಾಷೆ. 2013ರಲ್ಲಿ ಜಾರಿಯಾದ ಸಂವಿಧಾನದ 371(ಜೆ) ವಿಧಿ ಹಿಂದುಳಿದ ಈ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಮತ್ತು ಉದ್ಯೋಗ, ಶಿಕ್ಷಣಗಳಲ್ಲಿ ಮೀಸಲಾತಿ ಒದಗಿಸಿದೆ.