ಸಿಇಟಿಯಿಂದ ಬ್ಯಾಂಕ್ ಪರೀಕ್ಷೆವರೆಗೆ: ಗಣಿತದಲ್ಲಿ ವೇಗ ಮತ್ತು ನಿಖರತೆ

ಹುಬ್ಬಳ್ಳಿ-ಧಾರವಾಡ: ವಿದ್ಯಾಕಾಶಿ ಎಂದೇ ಹೆಸರಾದ ಧಾರವಾಡದ ಸಪ್ತಾಪುರ ಪರಿಸರದ ತರಬೇತಿ ಕೇಂದ್ರಗಳಿಗೆ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಿಂದ ಅಭ್ಯರ್ಥಿಗಳು ಬರುತ್ತಾರೆ. ಕೆಲವರ ಗುರಿ ಎಂಜಿನಿಯರಿಂಗ್ ಸೀಟು, ಇನ್ನು ಕೆಲವರದು ಬ್ಯಾಂಕ್ ನೌಕರಿ. ಗಣಿತ ಪತ್ರಿಕೆಯ ಮುಂದೆ ಇವರೆಲ್ಲರನ್ನೂ ಕಾಡುವ ಸಮಸ್ಯೆ ಒಂದೇ: ಲೆಕ್ಕ ಗೊತ್ತಿದೆ, ಸಮಯ ಸಾಲದು. ಅವಸರದಲ್ಲಿ ಕೈಬಿಟ್ಟ ನಾಲ್ಕಾರು ಅಂಕಗಳೇ ಸೀಟನ್ನೋ ನೌಕರಿಯನ್ನೋ ತಪ್ಪಿಸಬಲ್ಲವು. ಆದರೆ ಎಲ್ಲ ಪರೀಕ್ಷೆಗಳಿಗೂ ಒಂದೇ ತಂತ್ರ ಸಲ್ಲದು.

ಸಮಯದ ಲೆಕ್ಕ

ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 2025ರಲ್ಲಿ ನಡೆಸಿದ ಸಿಇಟಿಯ ಗಣಿತ ಪತ್ರಿಕೆಯಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷಗಳಿದ್ದವು. ಅಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡ್. ಒಎಂಆರ್ ಹಾಳೆಯಲ್ಲಿ ವೃತ್ತ ತುಂಬುವ ಸಮಯವೂ ಇದರಲ್ಲೇ ಸೇರಿದೆ. ಅದೇ ವರ್ಷದ ಜೆಇಇ ಮೇನ್‌ನಲ್ಲಿ ಮೂರು ವಿಷಯಗಳ 75 ಪ್ರಶ್ನೆಗಳಿಗೆ 180 ನಿಮಿಷಗಳಿದ್ದು, ಸರಾಸರಿ 144 ಸೆಕೆಂಡ್ ದೊರೆಯುತ್ತಿತ್ತು. ಐಬಿಪಿಎಸ್ ಗುಮಾಸ್ತ ಹುದ್ದೆಯ ಪೂರ್ವಭಾವಿ ಪರೀಕ್ಷೆಯಲ್ಲಾದರೋ ಗಣಿತದ 35 ಪ್ರಶ್ನೆಗಳಿಗೆ 20 ನಿಮಿಷ ಮಾತ್ರ. ತಲಾ 34 ಸೆಕೆಂಡ್.

ತಪ್ಪು ಉತ್ತರದ ಬೆಲೆ

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡುವುದರಲ್ಲಿ ಅರ್ಥವಿಲ್ಲ. ಐಬಿಪಿಎಸ್‌ನಲ್ಲಿ ಐದು ಆಯ್ಕೆಗಳಿದ್ದು, ಪ್ರತಿ ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆ. ಐದು ಪ್ರಶ್ನೆಗಳನ್ನು ಕೇವಲ ಊಹೆಯಿಂದ ಉತ್ತರಿಸಿ ಒಂದು ಸರಿಯಾದರೆ ಬಂದ ಒಂದು ಅಂಕವನ್ನು ನಾಲ್ಕು ತಪ್ಪುಗಳು ನುಂಗಿಬಿಡುತ್ತವೆ, ಲಾಭ ಸೊನ್ನೆ. ಕನಿಷ್ಠ ಒಂದು ಆಯ್ಕೆಯಾದರೂ ಖಚಿತವಾಗಿ ತಪ್ಪೆಂದು ತಿಳಿದಾಗ ಮಾತ್ರ ಊಹೆ ಲಾಭದಾಯಕ. ಜೆಇಇ ಮೇನ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಉತ್ತರವನ್ನು ಸಂಖ್ಯೆಯಲ್ಲೇ ಬರೆಯಬೇಕಾದ ಪ್ರಶ್ನೆಗಳಲ್ಲಿ ಊಹೆ ನಷ್ಟಕ್ಕೇ ದಾರಿ.

ಅಭ್ಯಾಸದ ಕ್ರಮ

* ಪತ್ರಿಕೆಯನ್ನು ಮೂರು ಸುತ್ತಿನಲ್ಲಿ ಬಿಡಿಸಿ. ನೋಡಿದೊಡನೆ ದಾರಿ ಹೊಳೆಯುವ ಪ್ರಶ್ನೆಗಳು ಮೊದಲು, ದೀರ್ಘವಾದವು ನಂತರ, ಅನುಮಾನದವು ಕೊನೆಗೆ.

* ಆಯ್ಕೆಗಳನ್ನೇ ಬಳಸಿಕೊಳ್ಳಿ. ಸಮೀಕರಣದಲ್ಲಿ ಆಯ್ಕೆಯ ಬೆಲೆ ಹಾಕಿ ನೋಡುವುದು ಎಷ್ಟೋ ಸಲ ಬಿಡಿಸುವುದಕ್ಕಿಂತ ಬೇಗ ಮುಗಿಯುತ್ತದೆ. ತ್ರಿಕೋನಮಿತಿಯಲ್ಲಿ ಒಂದು ಕೋನದ ಬೆಲೆಗೆ ಎರಡು ಆಯ್ಕೆಗಳು ಹೊಂದಿದರೆ ಇನ್ನೊಂದು ಕೋನ ಹಾಕಿ ಪರೀಕ್ಷಿಸಿ.

* ಗುಣಾಕಾರವನ್ನು ಒಡೆದು ಮಾಡಿ. 48 × 37 ಎಂದರೆ 50 × 37ರಿಂದ 2 × 37 ಕಳೆದಂತೆ: 1850 − 74 = 1776. ತಾಳೆ ನೋಡಲು ಅಂಕೆಗಳನ್ನು ಒಂದೇ ಅಂಕೆ ಉಳಿಯುವವರೆಗೆ ಕೂಡಿ. 48ರಿಂದ 3, 37ರಿಂದ 1, ಗುಣಲಬ್ಧ 3. 1776ರಿಂದಲೂ 3 ಬರುತ್ತದೆ. ಅಂಕೆಗಳು ಅದಲು ಬದಲಾದ ತಪ್ಪನ್ನು ಈ ತಾಳೆ ಹಿಡಿಯದು ಎಂಬುದು ನೆನಪಿರಲಿ.

* ತಪ್ಪುಗಳ ವಹಿ ಇಡಿ. ಅಣಕು ಪರೀಕ್ಷೆಯ ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ: ಸೂತ್ರ ಗೊತ್ತಿರಲಿಲ್ಲವೇ, ಚಿಹ್ನೆ ತಪ್ಪಿತೇ, ಪ್ರಶ್ನೆಯನ್ನೇ ತಪ್ಪಾಗಿ ಓದಲಾಯಿತೇ? ಮೊದಲನೆಯದಕ್ಕೆ ಓದು ಮದ್ದು, ಉಳಿದೆರಡಕ್ಕೆ ನಿಧಾನ.

* ಒಎಂಆರ್ ಹಾಳೆಯನ್ನು ಕೊನೆಯ ಗಳಿಗೆಗೆ ಉಳಿಸಿಕೊಳ್ಳಬೇಡಿ. ಬಿಡಿಸಿದ ಪ್ರತಿ ಪುಟದ ಉತ್ತರಗಳನ್ನು ಆಗಲೇ ತುಂಬಿ, ಪ್ರಶ್ನೆ ಸಂಖ್ಯೆ ತಾಳೆ ನೋಡಿ.

ಅಭ್ಯಾಸದ ಆರಂಭದಲ್ಲಿ ಗಡಿಯಾರ ಬೇಡ. ಒಂದು ಅಧ್ಯಾಯದಲ್ಲಿ ತಪ್ಪುಗಳು ನಿಂತ ಮೇಲಷ್ಟೇ ಸಮಯ ಕಟ್ಟಿಕೊಂಡು ಕೂರಬೇಕು. ಕೈ ಸರಿಯಾದ ದಾರಿಗೆ ಒಗ್ಗಿದ ಮೇಲೆ ವೇಗ ತಾನಾಗಿ ಬರುತ್ತದೆ. ತಪ್ಪು ರೂಢಿಯಾದ ಮೇಲೆ ಅದನ್ನು ಬಿಡಿಸುವುದು ಕಷ್ಟ.