ಮುರ್ಮುಗಾಂವ್ ಬಂದರು ಮತ್ತು ಜಪಾನಿ ಮಹಿಳೆಯರು

ಗೋವಾದಲ್ಲಿ ಜುವಾರಿ ನದಿ ಕಡಲು ಸೇರುವೆಡೆ, ವಾಸ್ಕೊ ಪಟ್ಟಣಕ್ಕೆ ಹೊಂದಿಕೊಂಡಿರುವ ಬಂದರು ಮುರ್ಮುಗಾಂವ್. ಜಪಾನಿ ಮಹಿಳೆಯರ ಇತಿಹಾಸದಲ್ಲಿ ಇದಕ್ಕೆ ಸ್ಥಾನ ದೊರೆತದ್ದು ಮುಖ್ಯವಾಗಿ 1943ರ ಅಕ್ಟೋಬರ್ ತಿಂಗಳ ಒಂದು ವಾರದಿಂದ. ಎರಡನೆಯ ಮಹಾಯುದ್ಧದ ನಡುವೆ ಅಮೆರಿಕ ಮತ್ತು ಜಪಾನ್ ತಮ್ಮ ವಶದಲ್ಲಿದ್ದ ಎದುರು ಪಕ್ಷದ ನಾಗರಿಕರನ್ನು ಇಲ್ಲಿ ವಿನಿಮಯ ಮಾಡಿಕೊಂಡವು. ಹಾಗೆ ಹಡಗು ಬದಲಿಸಿದವರಲ್ಲಿ ಬಹಳ ಮಂದಿ ಹೆಂಗಸರು ಮತ್ತು ಮಕ್ಕಳು. ಗೋವಾಕ್ಕೂ ಜಪಾನಿ ಸ್ತ್ರೀಯರಿಗೂ ಅದಕ್ಕಿಂತ ಹಳೆಯದಾದ ನಂಟೊಂದಿದೆ. ಅದು ಗುಲಾಮರ ವ್ಯಾಪಾರದ ನಂಟು.

ಹದಿನಾರು, ಹದಿನೇಳನೆಯ ಶತಮಾನ

ಪೋರ್ಚುಗೀಸರು 1543ರಲ್ಲಿ ಜಪಾನಿನ ತಾನೆಗಾಶಿಮಾ ದ್ವೀಪ ತಲುಪಿದ ಮೇಲೆ ನಾಗಸಾಕಿ, ಮಕಾವು, ಮಲಾಕ್ಕ, ಗೋವಾಗಳ ನಡುವೆ ಹಡಗುಗಳ ಓಡಾಟ ನೆಲೆಗೊಂಡಿತು. ರೇಷ್ಮೆ, ಬೆಳ್ಳಿಗಳ ಜೊತೆ ಮನುಷ್ಯರನ್ನೂ ಸಾಗಿಸಿದರು. ಕ್ಯೂಶು ದ್ವೀಪದ ಒಳಯುದ್ಧಗಳಲ್ಲಿ ಸೆರೆಸಿಕ್ಕವರು, ಬಡತನಕ್ಕೆ ಮನೆಯವರೇ ಮಾರಿದ ಮಕ್ಕಳು ಹೀಗೆ ಗೋವಾದ ಮನೆಗಳನ್ನು ಸೇರಿದರು. ಪೋರ್ಚುಗಲ್ಲಿನ ದೊರೆ ಸೆಬಾಸ್ಟಿಯನ್ 1570ರಲ್ಲಿ ಜಪಾನಿಯರನ್ನು ಗುಲಾಮರಾಗಿ ಕೊಳ್ಳುವುದನ್ನು ನಿಷೇಧಿಸಿದರೂ ವ್ಯಾಪಾರ ನಿಲ್ಲಲಿಲ್ಲ. 1587ರಲ್ಲಿ ಜಪಾನಿನ ಅಧಿಪತಿ ತೊಯೊತೊಮಿ ಹಿದೆಯೋಶಿ ಇದೇ ವಿಷಯವಾಗಿ ಜೆಸುಯಿಟ್ ಪಾದ್ರಿಗಳನ್ನು ಗದರಿಸಿ ಕೇಳಿದ. 1598ರಲ್ಲಿ ನಾಗಸಾಕಿಯಲ್ಲಿ ಬಿಷಪ್ ಲೂಯಿಸ್ ಸೆರ್ಕೇರಾ ಕರೆದ ಸಭೆ ಈ ವ್ಯಾಪಾರವನ್ನು ಖಂಡಿಸಿತು. ಆಮೇಲೂ ಗೋವಾದ ಪೌರಸಭೆ ದೊರೆಗೆ ಬರೆದು, ಜಪಾನಿ ಗುಲಾಮರಿಲ್ಲದೆ ನಗರದ ರಕ್ಷಣೆ ಕಷ್ಟ ಎಂದು ವಾದಿಸಿತು. ಆ ವಾದದಲ್ಲಿ ಕಾಣುವವರು ಆಯುಧ ಹಿಡಿಯಬಲ್ಲ ಗಂಡಸರು. ಅಡುಗೆಮನೆಯಲ್ಲಿ, ಒಳಮನೆಯಲ್ಲಿ ದುಡಿದ ಹೆಂಗಸರ ಪ್ರಸ್ತಾಪವಿಲ್ಲ.

ಕ್ಯೂಶುವಿನ ಕ್ರೈಸ್ತ ಅರಸರು ಕಳಿಸಿದ ನಾಲ್ವರು ಹುಡುಗರ ನಿಯೋಗ ಯುರೋಪಿಗೆ ಹೋಗುವಾಗಲೂ ಮರಳುವಾಗಲೂ ಗೋವಾದಲ್ಲಿ ತಂಗಿತ್ತು. ಅವರ ಹೆಸರಿನಲ್ಲಿ 1590ರಲ್ಲಿ ಮಕಾವಿನಲ್ಲಿ ಅಚ್ಚಾದ ಲ್ಯಾಟಿನ್ ಸಂವಾದಗ್ರಂಥದಲ್ಲಿ, ತಮ್ಮ ನಾಡಿನ ಗಂಡು ಹೆಣ್ಣು ಮಕ್ಕಳು ಪರದೇಶದಲ್ಲಿ ಅಗ್ಗಕ್ಕೆ ಮಾರಾಟವಾಗಿರುವುದನ್ನು ಕಂಡ ಸಂಕಟದ ಮಾತುಗಳಿವೆ. ಗ್ರಂಥವನ್ನು ರೂಪಿಸಿದವರು ಜೆಸುಯಿಟರಾದ್ದರಿಂದ ಅದನ್ನು ಹುಡುಗರ ನೇರ ಮಾತೆಂದು ತೆಗೆದುಕೊಳ್ಳುವಂತಿಲ್ಲ. ಆ ಕಾಲದ ದೊಡ್ಡ ನಗರ ಮಾಂಡೋವಿ ದಂಡೆಯ ಹಳೇ ಗೋವಾ ಎಂಬುದನ್ನೂ ನೆನಪಿಡಬೇಕು. ಮಳೆಗಾಲದಲ್ಲಿ ಮಾಂಡೋವಿಯ ಅಳಿವೆ ಮುಚ್ಚಿಕೊಂಡಾಗ ಹಡಗುಗಳು ಮುರ್ಮುಗಾಂವಿನ ಮರೆಗೆ ಬರುತ್ತಿದ್ದವು.

ಹೆಸರು ಉಳಿದ ಹೆಂಗಸರು ವಿರಳ. 1573ರಲ್ಲಿ ಲಿಸ್ಬನ್ನಿನ ಚರ್ಚೊಂದರಲ್ಲಿ ಮದುವೆಯಾದ ಜಪಾನಿ ಮಹಿಳೆ ಜಸಿಂತಾ ದೆ ಸಾ ಅವರಲ್ಲೊಬ್ಬಳು. ಆಗಿನ ಹಡಗುದಾರಿಯನ್ನು ನೋಡಿದರೆ ಆಕೆ ಗೋವಾ ಮೂಲಕವೇ ಹೋಗಿರಬೇಕು. ಸಯಾಮಿನ ಅಯುತ್ಥಯಾದಲ್ಲಿ ಬಾಳಿದ ಮಾರಿಯಾ ಗುಯೊಮಾರ್ ದೆ ಪಿನ್ಯಾಳ ತಾಯಿಯ ಕಡೆಯವರು ಜಪಾನಿ ಕ್ರೈಸ್ತರು. ತಂದೆಯ ಮನೆತನ ಗೋವಾದ್ದೆಂದು ಹೇಳಲಾಗುತ್ತದೆ. ಮೊಟ್ಟೆಯ ಹಳದಿ ಮತ್ತು ಸಕ್ಕರೆ ಪಾಕದ ಸಿಹಿತಿಂಡಿಗಳನ್ನು ಥಾಯ್ ಅಡುಗೆಗೆ ತಂದವಳೆಂಬ ಖ್ಯಾತಿ ಆಕೆಯದು.

ಕಲೆ

ಪೋರ್ಚುಗೀಸರ ಕಪ್ಪು ಹಡಗುಗಳನ್ನು ಚಿತ್ರಿಸುವ ಜಪಾನಿನ ನಾನ್‌ಬಾನ್ ಮಡಿಕೆ ತೆರೆಗಳಲ್ಲಿ, ಹಡಗು ಹೊರಡುವ ಪರದೇಶದ ಬಂದರನ್ನು ಕೆಲವರು ಗೋವಾ ಎಂದು ಗುರುತಿಸುತ್ತಾರೆ. ಚಿತ್ರಕಾರರು ಗೋವಾ ಕಂಡವರಲ್ಲ. ಅದು ಕಲ್ಪನೆಯ ಬಂದರು.

ಬಂದರಿನ ಬೆಳವಣಿಗೆ

ಆಧುನಿಕ ಬಂದರು ರೈಲಿನೊಂದಿಗೆ ಬಂತು. 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ನಂತರ 1880ರ ದಶಕದಲ್ಲಿ ಕಟ್ಟೆ, ಧಕ್ಕೆಗಳ ಕೆಲಸ ನಡೆಯಿತು. ದೂಧ್‌ಸಾಗರದ ಮೂಲಕ ಕ್ಯಾಸಲ್ ರಾಕ್‌ಗೆ, ಅಲ್ಲಿಂದ ಲೋಂಡಾ, ಹುಬ್ಬಳ್ಳಿಗಳಿಗೆ ಮೀಟರ್ ಗೇಜ್ ಹಳಿ ಕೂಡಿತು.

1943ರ ವಿನಿಮಯ

ಮೊದಲ ವಿನಿಮಯ 1942ರ ಜುಲೈನಲ್ಲಿ ಪೂರ್ವ ಆಫ್ರಿಕದ ಲೊರೆನ್ಸೊ ಮಾರ್ಕೆಸ್ ಬಂದರಿನಲ್ಲಿ ನಡೆದಿತ್ತು. ಮುಂದೆ ಸಮಾಜಶಾಸ್ತ್ರಜ್ಞೆಯಾಗಿ ಹೆಸರಾದ ತ್ಸುರುಮಿ ಕಾಜುಕೊ, ಚಿಂತನೆಯ ಇತಿಹಾಸಕಾರ್ತಿ ತಾಕೆದಾ ಕಿಯೊಕೊ ಆಗ ಅಮೆರಿಕದಿಂದ ಮರಳಿದವರು. ಆ ಹಡಗಿನಲ್ಲಿ ರಾಜತಾಂತ್ರಿಕರು, ವಿದ್ವಾಂಸರು, ಕಂಪನಿಗಳ ಅಧಿಕಾರಿಗಳು ತುಂಬಿದ್ದರು. ಎರಡನೆಯ ವಿನಿಮಯಕ್ಕೆ ಬಂದವರಲ್ಲಿ ಅಂಗಡಿಕಾರರ, ಕ್ಷೌರಿಕರ, ರೈತರ ಕುಟುಂಬಗಳೇ ಹೆಚ್ಚು. ಅವರ ಕಥೆ ಬರೆದವರು ಕಡಿಮೆ.

ಪೋರ್ಚುಗಲ್ ತಟಸ್ಥ ದೇಶವಾದ್ದರಿಂದ ಮುರ್ಮುಗಾಂವ್ ಎರಡೂ ಕಡೆಗೆ ಒಪ್ಪಿಗೆಯಾಯಿತು. ಅಮೆರಿಕದಲ್ಲಿ ಜಪಾನಿನ ಹಿತವನ್ನು ಸ್ಪೇನ್, ಜಪಾನಿನಲ್ಲಿ ಅಮೆರಿಕದ ಹಿತವನ್ನು ಸ್ವಿಟ್ಜರ್ಲೆಂಡ್ ನೋಡಿಕೊಳ್ಳುತ್ತಿದ್ದವು. ಸ್ವೀಡನ್ನಿನ ಗ್ರಿಪ್ಸ್‌ಹೋಮ್ ಹಡಗು ಸೆಪ್ಟೆಂಬರ್ 2ರಂದು ನ್ಯೂಯಾರ್ಕ್ ಬಿಟ್ಟು, ರಿಯೊ ಡಿ ಜನೈರೊ, ಮಾಂಟೆವಿಡಿಯೊಗಳಲ್ಲಿ ಇನ್ನಷ್ಟು ಜಪಾನಿಯರನ್ನು ಹತ್ತಿಸಿಕೊಂಡು ಅಕ್ಟೋಬರ್ 16ಕ್ಕೆ ಇಲ್ಲಿ ತಲುಪಿತು. ಜಪಾನಿನ ತೇಯಾ ಮಾರು ಹಿಂದಿನ ದಿನವೇ ಬಂದಿತ್ತು. ಇದು ಮೊದಲು ಅರಾಮಿಸ್ ಎಂಬ ಹೆಸರಿನ ಫ್ರೆಂಚ್ ಪ್ರಯಾಣಿಕ ಹಡಗು. ಅಕ್ಟೋಬರ್ 19ರಂದು ಎರಡೂ ಕಡೆಯಿಂದ ತಲಾ ಸುಮಾರು 1,500 ಜನ ಧಕ್ಕೆಗೆ ಇಳಿದು, ಒಂದು ಹಡಗಿನಿಂದ ಇನ್ನೊಂದಕ್ಕೆ ನಡೆದರು. ಅಮೆರಿಕನ್ನರ ಪಾಲಿನ ಅನುಭವವನ್ನು, ಹಾಂಗ್‌ಕಾಂಗ್‌ನಿಂದ ಪುಟ್ಟ ಮಗಳೊಂದಿಗೆ ಬಂದಿದ್ದ ಎಮಿಲಿ ಹಾನ್ ಮರುವರ್ಷವೇ ಪುಸ್ತಕವಾಗಿ ಬರೆದಳು.

ಜಪಾನಿ ಹೆಂಗಸರು ಈ ಧಕ್ಕೆಗೆ ಬಂದ ದಾರಿಯನ್ನು ವಿವರವಾಗಿ ಹೇಳಬೇಕು. ಅದನ್ನು ಬಿಟ್ಟರೆ ವಿನಿಮಯವೆಂಬುದು ಬರೀ ಹಡಗುಗಳ ವೇಳಾಪಟ್ಟಿಯಾಗುತ್ತದೆ. ಅಮೆರಿಕದಲ್ಲಿದ್ದ ಮೊದಲ ತಲೆಮಾರಿನ ಬಹಳ ಹೆಂಗಸರು 1908ರಿಂದ 1920ರೊಳಗೆ ಫೋಟೋ ನೋಡಿ ಒಪ್ಪಿ, ಊರಿನಲ್ಲೇ ಮದುವೆ ದಾಖಲಿಸಿಕೊಂಡು ಗಂಡನ ಬಳಿಗೆ ಬಂದವರು. ಜಪಾನಿನಲ್ಲಿ ಹುಟ್ಟಿದವರಿಗೆ ಅಮೆರಿಕದ ಪೌರತ್ವ ಪಡೆಯುವ ಹಕ್ಕು 1952ರವರೆಗೂ ಇರಲಿಲ್ಲ. ಅಲ್ಲೇ ಹುಟ್ಟಿ ಪೌರಳಾದ ಮಗಳು ಜಪಾನಿನಿಂದ ಬಂದವನನ್ನು ಮದುವೆಯಾದರೆ, 1931ರ ತಿದ್ದುಪಡಿಯವರೆಗೆ ತನ್ನ ಪೌರತ್ವವನ್ನೂ ಕಳೆದುಕೊಳ್ಳುತ್ತಿದ್ದಳು. ಯುದ್ಧ ಶುರುವಾದಾಗ ಗಂಡಸರನ್ನು ಮೊದಲು ಹಿಡಿದರು. ಜಪಾನಿ ಭಾಷೆ ಕಲಿಸುತ್ತಿದ್ದ ಕೆಲವು ಶಿಕ್ಷಕಿಯರನ್ನೂ ಬಂಧಿಸಿ, ಟೆಕ್ಸಾಸಿನ ಸೀಗೋವಿಲ್ ಶಿಬಿರದಲ್ಲಿ ಇಟ್ಟರು.

ಪೆರುವಿನ ಕುಟುಂಬಗಳ ಪಾಡು ಇನ್ನೂ ಕಠಿಣ. 1899ರಿಂದ ಅಲ್ಲಿಗೆ ವಲಸೆ ಹೋದವರು ಲಿಮಾದಲ್ಲಿ ಕ್ಷೌರದಂಗಡಿ, ಬೇಕರಿ, ದಿನಸಿ ಅಂಗಡಿ ನಡೆಸುತ್ತಿದ್ದರು. 1940ರ ಮೇ ತಿಂಗಳ ದಂಗೆಯಲ್ಲಿ ಆ ಅಂಗಡಿಗಳು ಲೂಟಿಯಾದವು. 1942ರಿಂದ ಪೆರು ಸರ್ಕಾರ ಅಮೆರಿಕದ ಒತ್ತಾಸೆಯಿಂದ ಜಪಾನಿ ಗಂಡಸರನ್ನು ಹಿಡಿದು ಅಮೆರಿಕಕ್ಕೆ ಸಾಗಿಸತೊಡಗಿತು. ಲ್ಯಾಟಿನ್ ಅಮೆರಿಕದಿಂದ ಹೀಗೆ ಒಯ್ದವರು ಸುಮಾರು 2,200. ಅವರಲ್ಲಿ ಸುಮಾರು 1,800 ಮಂದಿ ಪೆರುವಿನವರು. ಕಪ್ಪುಪಟ್ಟಿಗೆ ಸೇರಿದ ಅಂಗಡಿ, ಶಾಲೆಗೆ ಹೋಗುವ ಮಕ್ಕಳು, ಅತ್ತೆ ಮಾವಂದಿರು ಎಲ್ಲ ಹೆಂಡತಿಯ ತಲೆಗೆ ಬಿದ್ದವು. ಗಂಡನನ್ನು ಕೂಡಿಕೊಳ್ಳಲು ಅವಳಿಗಿದ್ದ ದಾರಿ ಒಂದೇ: ತಾನೂ ಮಕ್ಕಳೊಂದಿಗೆ ಸೆರೆಗೆ ಹೋಗುವುದು. ಸರ್ಕಾರದ ಕಡತಗಳು ಇವರನ್ನು ‘ಸ್ವಯಂಪ್ರೇರಿತ’ರೆಂದು ದಾಖಲಿಸಿವೆ. ಆ ಪದವನ್ನು ಈ ಲೇಖನ ಒಪ್ಪುವುದಿಲ್ಲ. ಪಾಸ್‌ಪೋರ್ಟುಗಳನ್ನು ಮೊದಲೇ ಕಿತ್ತುಕೊಂಡು, ನ್ಯೂ ಆರ್ಲಿಯನ್ಸಿನಲ್ಲಿ ಇಳಿದಾಗ ಬಟ್ಟೆ ಬಿಚ್ಚಿಸಿ ಕೀಟನಾಶಕ ಸಿಂಪಡಿಸಿ, ಕ್ರಿಸ್ಟಲ್ ಸಿಟಿಯ ಕುಟುಂಬ ಶಿಬಿರಕ್ಕೆ ರೈಲಿನಲ್ಲಿ ಕಳಿಸಿದರು. ಆಮೇಲೆ ಅವರನ್ನು ಅಕ್ರಮವಾಗಿ ದೇಶ ಹೊಕ್ಕವರೆಂದು ಹೆಸರಿಸಿದರು. ಎರಡು ವಿನಿಮಯಗಳಲ್ಲಿ ಸೇರಿ ಲ್ಯಾಟಿನ್ ಅಮೆರಿಕದ 800ಕ್ಕೂ ಹೆಚ್ಚು ಜಪಾನಿಯರನ್ನು ಕಳಿಸಲಾಯಿತು. ಅವರ ಮಕ್ಕಳಲ್ಲಿ ಅನೇಕರು ಲಿಮಾದಲ್ಲಿ ಹುಟ್ಟಿ, ಜಪಾನನ್ನು ಎಂದೂ ಕಾಣದವರು.

ಮುರ್ಮುಗಾಂವಿನಲ್ಲಿ ಜನರ ಜೊತೆ ಸಾಮಾನೂ ಅದಲುಬದಲಾಯಿತು. ಜಪಾನಿನ ಕೈಯಲ್ಲಿದ್ದ ಯುದ್ಧಕೈದಿಗಳಿಗೆಂದು ಬಂದ ಔಷಧಿ, ಆಹಾರದ ಪೊಟ್ಟಣಗಳನ್ನು ತೇಯಾ ಮಾರುವಿಗೆ ಏರಿಸಿದರು. ಅಮೆರಿಕದ ಶಿಬಿರಗಳಿಗೆಂದು ಜಪಾನಿನ ರೆಡ್‌ಕ್ರಾಸ್ ಕಳಿಸಿದ ಸೋಯಾ ಸಾಸ್, ಮಿಸೊ, ಚಹಾ, ಪುಸ್ತಕಗಳು ಗ್ರಿಪ್ಸ್‌ಹೋಮ್ ಸೇರಿದವು. ಶಿಬಿರದಲ್ಲೇ ಉಳಿದಿದ್ದ ಹೆಂಗಸರಿಗೆ ಅವು ಮರುವರ್ಷ ತಲುಪಿದವು.

ತೇಯಾ ಮಾರು ನವೆಂಬರ್ 14ಕ್ಕೆ ಯೊಕೊಹಾಮಾ ಮುಟ್ಟಿತು. ಕೆಲವರು ನಡುದಾರಿಯಲ್ಲಿ ಸಿಂಗಪುರದಲ್ಲೇ ಇಳಿದಿದ್ದರು. ಮರಳಿದವರಿಗೆ ಕಾದಿದ್ದದ್ದು ಪಡಿತರದ ಅರೆಹೊಟ್ಟೆ, ಇಂಗ್ಲಿಷ್ ಅಥವಾ ಸ್ಪ್ಯಾನಿಷ್ ಮಾತಾಡುವ ಮಕ್ಕಳ ಮೇಲೆ ನೆರೆಯವರ ಅನುಮಾನ. ಅಮೆರಿಕ, ಪೆರುಗಳಿಗೆ ವಲಸೆ ಹೆಚ್ಚಾಗಿ ಹೋದದ್ದು ಹಿರೋಶಿಮಾ, ಕುಮಾಮೊತೊ, ಒಕಿನಾವಾ ಪ್ರಾಂತಗಳಿಂದ. ತವರಿಗೆ ಮರಳಿದ ಕುಟುಂಬಗಳಿಗೆ 1945 ಏನು ತಂದಿರಬಹುದೆಂಬುದನ್ನು ಆ ಊರುಗಳ ಹೆಸರುಗಳೇ ಸೂಚಿಸುತ್ತವೆ. ತೇಯಾ ಮಾರು 1944ರ ಆಗಸ್ಟ್ 18ರಂದು, ಸೈನಿಕರನ್ನು ಒಯ್ಯುವಾಗ, ಲುಜಾನ್ ಬಳಿ ಅಮೆರಿಕದ ಜಲಾಂತರ್ಗಾಮಿಯ ಏಟಿಗೆ ಮುಳುಗಿತು.

ಪರಿಹಾರದ ಪ್ರಶ್ನೆ

1988ರ ಅಮೆರಿಕದ ಕಾಯ್ದೆ ಯುದ್ಧಕಾಲದ ಶಿಬಿರಗಳಲ್ಲಿ ಸೆರೆಯಿದ್ದು ಬದುಕುಳಿದ ಜಪಾನಿ ಅಮೆರಿಕನ್ನರಿಗೆ ಕ್ಷಮಾಪಣೆಯೊಂದಿಗೆ ತಲಾ 20,000 ಡಾಲರ್ ಕೊಟ್ಟಿತು. ಆಗಿನ ಪೌರರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ ಅನ್ವಯಿಸಿದ್ದರಿಂದ ಲ್ಯಾಟಿನ್ ಅಮೆರಿಕದವರು ಹೊರಗುಳಿದರು. ಪೆರುವಿನಿಂದ ಬಂದು ಕ್ರಿಸ್ಟಲ್ ಸಿಟಿಯಲ್ಲಿ ಸೆರೆಯಿದ್ದ ಕಾರ್ಮೆನ್ ಮೊಚಿಜುಕಿ ಮತ್ತಿತರರು ಹೂಡಿದ ಮೊಕದ್ದಮೆ 1998ರಲ್ಲಿ ರಾಜಿಯಾಗಿ, ತಲಾ 5,000 ಡಾಲರ್ ಮತ್ತು ಕ್ಷಮಾಪಣೆ ದೊರೆಯಿತು. ಯುದ್ಧಕಾಲದಲ್ಲಿ ಶತ್ರುದೇಶಕ್ಕೆ ನೆಲೆ ಬದಲಿಸಿದವರನ್ನು 1988ರ ಕಾಯ್ದೆ ಸ್ಪಷ್ಟ ಮಾತಿನಲ್ಲೇ ಹೊರಗಿಟ್ಟಿತ್ತು. ಅಮೆರಿಕದಿಂದ ಹೊರಟು ಮುರ್ಮುಗಾಂವಿನಲ್ಲಿ ಹಡಗು ಬದಲಿಸಿದವರಿಗೆ ಹಕ್ಕು ತಪ್ಪಿದ್ದು ಈ ನಿಬಂಧನೆಯಿಂದ. ಆಗ ಅಪ್ರಾಪ್ತರಾಗಿದ್ದವರು ಸ್ವಂತ ಇಚ್ಛೆಯಿಂದ ಹೋದವರಲ್ಲ ಎಂದು ಒಪ್ಪಿ, 1990ರ ದಶಕದಲ್ಲಿ ಅವರ ಮಟ್ಟಿಗೆ ನಿಯಮ ಸಡಿಲಿಸಲಾಯಿತು. ಅವರ ತಾಯಂದಿರಿಗೆ ಈ ಸಡಿಲಿಕೆ ಅನ್ವಯಿಸಲಿಲ್ಲ.